ಫೈಲು ತೆರೆಯುವ ಮುಂಚಿನ ದಿನಗಳು

ನಮ್ಮ ಆಸ್ಪತ್ರೆಗೆ ಫಸ್ಟ್ ಪ್ಲೇಸ್ ಬಂತೆಂದು ಮೇಲಿನ ಹಾಲಿನಲ್ಲಿ ಕೇಕ್ ಕತ್ತರಿಸಿದರು. ಕೇಕಿನ ಮೇಲೆ ಕ್ರೀಮಿನಲ್ಲಿ ಒಂದು ಅಂತ ದೊಡ್ಡದಾಗಿ ಬರೆಸಿದ್ದರು. ನನ್ನ ಪಾಲಿಗೆ ಆ ಒಂದರ ತುದಿ ಸಿಕ್ಕಿತು. ಅದನ್ನು ಪೇಪರ್ ಪ್ಲೇಟಿನಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದೆ. ಕೆಳಗೆ ಹೊರರೋಗಿಗಳ ಬೆಂಚಿನ ಮೇಲೆ ನನ್ನ ಅಕ್ಕ ಬೆಳಗಿನಿಂದ ಕೂತಿದ್ದಳು, ಎದೆಯಲ್ಲೊಂದು ಗಂಟು ಇಟ್ಟುಕೊಂಡು.

ನಾನು ಆ ಖಾಸಗಿ ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿ ಅಂಕಿ ಅಂಶ ಕಲೆಹಾಕುವವಳು. ಆಗ ನಗರದ ಕೆಲವು ಆಸ್ಪತ್ರೆಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಕ್ಯಾನ್ಸರ್ ಬಂದವರಿಗೆ ಯಾರ ಹತ್ತಿರ ಎಷ್ಟು ಬೇಗ ಚಿಕಿತ್ಸೆ ಶುರುವಾಗುತ್ತದೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು, ಹಿಂದೆ ಬಿದ್ದವರು ಮುಂದಿದ್ದವರಿಂದ ಕಲಿಯುವುದು. ಒಳ್ಳೆಯ ಯೋಚನೆ, ಈಗಲೂ ಹಾಗೇ ಅನ್ನುತ್ತೇನೆ. ಆದರೆ ನಮ್ಮವರಿಗೆ ಏನು ಕೊಟ್ಟರೂ ಅದನ್ನು ರ‍್ಯಾಂಕ್ ಮಾಡಿಕೊಳ್ಳದೆ ಸಮಾಧಾನವಿಲ್ಲ. ಕಲಿಯುವ ಮಾತು ಅಲ್ಲೇ ಮುಗಿಯಿತು. ಕೇಕ್ ಕತ್ತರಿಸುವ ಮುಂಚೆಯೇ ಗೇಟಿನ ಮೇಲೆ ಫ್ಲೆಕ್ಸ್ ಹತ್ತಿತ್ತು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಟ್ಯುಟೋರಿಯಲ್‌ಗಳು ಹಾಕುತ್ತವಲ್ಲ, ಅಂಥದ್ದು.

ಅಕ್ಕ ಕೆಂಗೇರಿಯಿಂದ ಮೆಟ್ರೋ ಹತ್ತಿ ವಾರಗಟ್ಟಲೆ ಬರುತ್ತಿದ್ದಳು. ಸೂಜಿ ಹಾಕಿ ಪರೀಕ್ಷೆ ಮಾಡಿ, ಕ್ಯಾನ್ಸರ್ ಹೌದು ಅಂತ ರಿಪೋರ್ಟೂ ಬಂದಿತ್ತು. "ತಡ ಮಾಡ್ಬೇಡಿ ಅಮ್ಮ, ಈಗ್ಲೇ ಶುರು ಮಾಡಿದ್ರೆ ವಾಸಿಯಾಗತ್ತೆ" ಅಂದಿದ್ದ ಡಾಕ್ಟರು ಆಮೇಲೆ ಕೈಗೇ ಸಿಗಲಿಲ್ಲ. ನಮ್ಮಲ್ಲಿ ಡಾಕ್ಟರುಗಳ ಕಮಿಟಿ ಕೂತು ಇಂಥ ಚಿಕಿತ್ಸೆ ಎಂದು ತೀರ್ಮಾನಿಸಬೇಕು. ಒಮ್ಮೆ ದೊಡ್ಡ ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು, ಇನ್ನೊಮ್ಮೆ ಹಬ್ಬ ಬಂತು, ಮತ್ತೊಮ್ಮೆ ಯಾಕೆ ಕೂರಲಿಲ್ಲವೋ ಯಾರಿಗೂ ಗೊತ್ತಿಲ್ಲ. ಅಕ್ಕ ರಿಪೋರ್ಟುಗಳನ್ನೆಲ್ಲ ಸೀರೆ ಅಂಗಡಿಯ ಕವರಿನಲ್ಲಿ ಹಾಕಿಕೊಂಡು ಬರುವಳು, ಹೋಗುವಳು.

ಆವತ್ತು ಕೇಕಿನ ಪ್ಲೇಟನ್ನು ಅವಳ ಕೈಗೆ ಕೊಟ್ಟು, ನನ್ನ ಟೇಬಲ್ಲಿಗೆ ಹೋಗಿ ಕಂಪ್ಯೂಟರಿನಲ್ಲಿ ಅವಳ ಹೆಸರು ಹುಡುಕಿದೆ. ಇಲ್ಲ. ಇನ್ನೊಂದು ಸಲ ಹುಡುಕಿದೆ. ಇಲ್ಲವೇ ಇಲ್ಲ. ಆಮೇಲೆ ವಾರ್ಡಿನವರನ್ನು ಕೇಳಿದಾಗ ತಿಳಿಯಿತು: ಕಮಿಟಿ ತೀರ್ಮಾನ ಮಾಡಿದ ಮೇಲೇ ನಮ್ಮಲ್ಲಿ ಫೈಲು ತೆರೆಯುವುದು. ನನ್ನ ಟೇಬಲ್ಲಿಗೆ ಬರುತ್ತಿದ್ದದ್ದು ಫೈಲು ತೆರೆದ ತಾರೀಖು, ದಿನ ಎಣಿಸುವುದೂ ಅಲ್ಲಿಂದಲೇ. ತೀರ್ಮಾನವಾದ ಮೇಲೆ ಚಿಕಿತ್ಸೆ ಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಫಸ್ಟ್ ಬರದೆ ಇನ್ನೇನು!

ಮೈಯೆಲ್ಲ ಉರಿಯಿತು. ನೇರ ಮುಖ್ಯಸ್ಥರ ರೂಮಿಗೆ ನುಗ್ಗಿದೆ. ಅವರು ಇನ್ನೂ ಕೇಕ್ ತಿನ್ನುತ್ತಿದ್ದರು. ನಮ್ಮಕ್ಕನ ಹೆಸರೇ ಲೆಕ್ಕದಲ್ಲಿಲ್ಲವಲ್ಲ ಅಂದೆ.

"ಫೈಲ್ ಓಪನ್ ಆಗ್ದೆ ಪೇಷಂಟ್ ಹೇಗಾಗ್ತಾರೆ ಮೇಡಂ?" ಅಂದರು.

"ಸಾರ್, ಅವಳು ಕೆಳಗಡೆ ಕೂತಿದಾಳೆ."

"ಕೂತಿರ್ಬಹುದು. ಟೆಕ್ನಿಕಲಿ ಇನ್ನೂ ಬಂದಿಲ್ಲ."

"ಬಾಗಿಲಿಗೆ ಬಂದ ದಿನದಿಂದ ಎಣಿಸೋಣ ಸಾರ್."

"ಎಣಿಸಿದ್ರೆ ನಾವು ಎಲ್ಲಿರ್ತೀವಿ ಗೊತ್ತಾ? ಸುಮ್ನಿರಿ ಮೇಡಂ. ನಿಮ್ಮ ಸಿಸ್ಟರ್ ಕೇಸ್ ಮುಂದಿನ ವಾರ ನೋಡೋಣ."

ಇಂಥವರ ಜೊತೆ ಎಷ್ಟು ಅಂತ ತಲೆ ಚಚ್ಚಿಕೊಳ್ಳುವುದು? ಹೊರಗೆ ಬಂದು, ಎಲ್ಲರಿಗಿಂತ ಕೊನೆಗೆ ಬಂದಿದ್ದ ಆಸ್ಪತ್ರೆಗೆ ಫೋನ್ ಮಾಡಿದೆ. ಅಲ್ಲಿ ನನ್ನಂಥದೇ ಕೆಲಸ ಮಾಡುವ ಹೆಂಗಸೊಬ್ಬರು ಮೀಟಿಂಗುಗಳಲ್ಲಿ ಪರಿಚಯ. ಎಲ್ಲರ ಕೈಲೂ ಬೈಸಿಕೊಂಡು ತಲೆ ತಗ್ಗಿಸಿ ಕೂರುತ್ತಿದ್ದವರು.

"ನಾವು ಗೇಟಲ್ಲಿ ಟೋಕನ್ ಕೊಟ್ಟ ದಿನದಿಂದ ಎಣಿಸ್ತೀವಿ ಮೇಡಂ," ಅಂದರು. "ಹಾಗೆ ಎಣಿಸೋದ್ರಿಂದ ಕಮಿಟಿ ತಪ್ಪಿಸೋಕೆ ಯಾರಿಗೂ ಧೈರ್ಯ ಇಲ್ಲ. ಡಾಕ್ಟ್ರು ಊರಲ್ಲಿಲ್ಲ ಅಂದ್ರೆ ಫೋನಲ್ಲೇ ಕೂರಿಸ್ತೀವಿ. ಹೋದ್ ವರ್ಷಕ್ಕಿಂತ ಎಷ್ಟೋ ಸುಧಾರಿಸಿದೀವಿ. ಆದ್ರೂ ಲಾಸ್ಟೇ, ನೋಡಿ."

ಅಕ್ಕನನ್ನು ಅಲ್ಲಿಗೆ ಕರೆದೊಯ್ಯಲು ಕೆಂಗೇರಿಯಲ್ಲಿ ಭಾವನನ್ನು ಒಪ್ಪಿಸುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿಯಿತು. ಅವರು ಫ್ಲೆಕ್ಸಿನ ಫೋಟೋ ತೆಗೆದು ಇಡೀ ಬೀದಿಗೆ ಕಳಿಸಿ ಆಗಿತ್ತು, ನಮ್ಮ ನಾದಿನಿ ಕೆಲಸ ಮಾಡುವ ಆಸ್ಪತ್ರೆ ಅಂತ.

"ಎಲ್ರೂ ಲಾಸ್ಟಿಂದ ಫಸ್ಟಿಗೆ ಹೋಗ್ತಾರೆ. ನೀನು ಫಸ್ಟಿಂದ ಲಾಸ್ಟಿಗೆ ಕರ್ಕೊಂಡು ಹೋಗ್ತೀನಿ ಅಂತೀಯಲ್ಲಮ್ಮ! ಜನ ಏನಂತಾರೆ?"

"ಜನರಿಗೆ ಗಂಟಿಲ್ಲ ಭಾವ, ಅಕ್ಕನಿಗಿದೆ," ಅಂದೆ. ದನಿ ಸ್ವಲ್ಪ ಜೋರಾಗಿಯೇ ಏರಿತು. ಫೈಲು, ಟೋಕನ್ನು, ಕಮಿಟಿ, ಎಲ್ಲ ಬಿಡಿಸಿ ಹೇಳಿದೆ. ಅವರು ಮತ್ತೆ ಮೊದಲಿಂದ ಶುರುಮಾಡಿದರು. ನನ್ನ ಮಾತು ಸುಳ್ಳೆಂದಲ್ಲ, ಫಸ್ಟ್ ಅನ್ನುವ ಪದವನ್ನು ಕೈಬಿಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಅಷ್ಟೂ ಹೊತ್ತು ಅಕ್ಕ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೊನೆಗೆ ಕಡ್ಡಿಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಎದ್ದಳು. "ನಾಳೆ ಹೋಗೋಣ ಕಣೇ," ಅಂದಳು.

ಬೆಳಿಗ್ಗೆ ನಮ್ಮ ಲ್ಯಾಬಿನ ಮುಂದೆ ನಿಂತು, ಪರೀಕ್ಷೆಯ ಗಾಜಿನ ಸ್ಲೈಡುಗಳನ್ನು ಜಗಳವಾಡಿಯೇ ಈಸಿಕೊಂಡೆ. ಆ ಲಾಸ್ಟ್ ಬಂದ ಆಸ್ಪತ್ರೆಯನ್ನು ಹೊಗಳಲು ನನಗೇನೂ ಹುಚ್ಚಿಲ್ಲ. ಫ್ಯಾನು ತಿರುಗುತ್ತಿರಲಿಲ್ಲ, ಕಕ್ಕಸು ಮೂಗು ಮುಚ್ಚಿಕೊಂಡು ಹೋಗುವ ಹಾಗಿತ್ತು, ಸೆಕ್ಯುರಿಟಿಯವನು ಎಲ್ಲರ ಮೇಲೂ ರೇಗುತ್ತಿದ್ದ. ಆದರೆ ಅವನೇ ಟೋಕನ್ ಕೊಟ್ಟ, ಅದರ ಮೇಲೆ ತಾರೀಖು ಒತ್ತಿತ್ತು. ಅವತ್ತೇ ಕಮಿಟಿ ಕೂತಿತು. ಅದೇ ವಾರ ಚಿಕಿತ್ಸೆಯೂ ಶುರುವಾಯಿತು.

ಮೊದಲ ಡ್ರಿಪ್ ಹಾಕಿದ ದಿನ ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ನಮ್ಮ ಆಸ್ಪತ್ರೆಯನ್ನು ಇನ್ನೂ ಬೈಯುತ್ತಲೇ ಇದ್ದೆ. ಭಾವ ಕಾಫಿ ತರಲು ಹೋಗಿದ್ದರು. ಅಕ್ಕ ಬಾಟಲಿಯಿಂದ ಇಳಿಯುವ ಹನಿ ನೋಡುತ್ತಿದ್ದಳು.

"ಇವ್ರು ಟೋಕನ್ ಕೊಟ್ಟ ದಿನದಿಂದ ಎಣಿಸ್ತಾರೆ ಅಂದ್ಯಲ್ವಾ?" ಅಂದಳು.

"ಹೂಂ."

"ನಿಮ್ಮಲ್ಲಿ ಬೆಂಚ್ ಮೇಲೆ ಕೂತಿದ್ನಲ್ಲ, ಆ ದಿನಗಳು ಎಲ್ಲಿ ಸೇರ್ತವೆ?"

"ಎಲ್ಲೂ ಸೇರಲ್ಲ ಅಕ್ಕ. ಅದನ್ನ ಯಾರೂ ಎಣಿಸಿಲ್ಲ."

ಅವಳು ಸೂಜಿ ಚುಚ್ಚದ ಕೈಯಿಂದ ಹೊದಿಕೆಯನ್ನು ಕತ್ತಿನ ತನಕ ಎಳೆದುಕೊಂಡಳು.

"ನಾನು ಎಣಿಸಿದೀನಿ ಕಣೇ," ಅಂದಳು.