ಸುಮಿತ್ರಾಬಾಯಿಯವರ ಚಾಡಿಪಾಠ

ಸುಮಿತ್ರಾಬಾಯಿಯವರು ಯಾರೊಂದಿಗಾದರೂ ಜಗಳವಾಡದೆ ನಮ್ಮ ಅಪಾರ್ಟ್‌ಮೆಂಟಿನೊಳಗೆ ಕಾಲಿಟ್ಟದ್ದನ್ನು ನಾನು ಕಾಣೆ. ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಆಟೋದವನ ಜೊತೆ ತೆಲುಗಿನಲ್ಲಿ, ವಾಚ್‌ಮನ್ ಜೊತೆ ಹಿಂದಿಯಲ್ಲಿ ಮುಗಿಸಿಕೊಂಡು, ಲಿಫ್ಟಿನಿಂದ ಇಳಿಯುವಾಗ ಕನ್ನಡಕ್ಕೆ ಬರುತ್ತಿದ್ದರು. ಆ ಕನ್ನಡ ನಮ್ಮ ಪಾಲಿಗೆ. ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ನೆಲೆಸಿದ್ದ ಕಲಬುರಗಿ ಕಡೆಯ ಮನೆತನ. ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಗಿಡ್ಡ ಆಳು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ದನಿ.

ಐಟಿ ಕಂಪನಿಗಳು ಒಂದರ ಬೆನ್ನಿಗೆ ಒಂದು ತಲೆಯೆತ್ತುತ್ತಿದ್ದ ವರ್ಷಗಳವು. ಅದೇ ಊರಿನ ಮಣಿಕೊಂಡ ಬಡಾವಣೆಯ ನಮ್ಮ ಕಟ್ಟಡದಲ್ಲಿ ಕನ್ನಡದ ಮನೆಗಳಿಗೇನೂ ಬರವಿರಲಿಲ್ಲ; ಕನ್ನಡ ಮಾತಾಡುವ ಮಕ್ಕಳಿಗೆ ಮಾತ್ರ ಬರ. ನನ್ನ ಮಗಳು ಮೇಘಾಳಿಗೆ ಆಗ ಆರು ವರ್ಷ. ಮೈಸೂರಿನಿಂದ ನನ್ನ ಅಮ್ಮ ಫೋನ್ ಮಾಡಿದರೆ "ಹಾಯ್ ಅಜ್ಜಿ" ಎಂದು ಫೋನನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. "ಅವಳಿಗೆ ನಾನು ಯಾರೋ ಆಗ್ಬಿಟ್ಟಿದೀನಿ ಕಣೋ" ಎಂದು ಅಮ್ಮ ಒಮ್ಮೆ ಅಂದಳು. ಆ ಮಾತು ನನ್ನನ್ನು ಬಹಳ ದಿನ ಕೊರೆಯಿತು.

ನಾವು ಕೆಲವರು ಸೇರಿ ಕನ್ನಡ ತರಗತಿ ನಡೆಸುವುದೆಂದು ಹೊರಟೆವು. ಸಾಫ್ಟ್‌ವೇರಿನವರಲ್ಲವೆ, ಪಠ್ಯಕ್ರಮವನ್ನು ಎಕ್ಸೆಲ್ಲಿನಲ್ಲೇ ತಯಾರಿಸಿದೆವು. ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ; ಒಂದೊಂದಕ್ಕೂ ಗಡುವು, ಮೇಲೆ ಬಣ್ಣ ಬೇರೆ. ಪಾಠ ಹೇಳಲು ಒಪ್ಪಿ ಬಂದಿದ್ದ ಬಾಯಿಯವರು ಕನ್ನಡಕ ಏರಿಸಿ ನೋಡಿದರು.

"ಛಲೋ ಐತ್ರಿ. ಇದರಾಗ ಮಕ್ಕಳು ಮಾತಾಡೋದು ಯಾವಾಗ?"

"ನಾಲ್ಕನೇ ತಿಂಗಳು, ಮೇಡಂ."

"ಅಲ್ಲೀತನಕ ಮೌನವ್ರತ ಏನ್ರಿ?"

ನಮ್ಮ ಹಾಳೆಯನ್ನು ಮಡಚಿ ಅದರಿಂದಲೇ ಗಾಳಿ ಬೀಸಿಕೊಳ್ಳುತ್ತ, ತಾಯಂದಿರನ್ನು ಕೂರಿಸಿಕೊಂಡು ವಿಚಾರಣೆ ನಡೆಸಿದರು. ಹಸಿವಾದರೆ ಮಗು ಏನನ್ನುತ್ತದೆ, ಆಟಿಕೆ ಕಸಿದುಕೊಂಡರೆ ಯಾವ ಭಾಷೆಯಲ್ಲಿ ಅರಚುತ್ತದೆ, ಯಾವುದರಲ್ಲಿ ಚಾಡಿ ಹೇಳುತ್ತದೆ? ಎಲ್ಲದಕ್ಕೂ ಉತ್ತರ ತೆಲುಗು, ಇಲ್ಲವೇ ಹಿಂದಿ.

"ಹಂಗಾದ್ರ ಅಲ್ಲಿಂದನ ಸುರು ಮಾಡೋಣು" ಎಂದರು.

ಮೊದಲ ಪಾಠ ಬೇಡುವುದು, ಎರಡನೆಯದು ಒಲ್ಲೆ ಅನ್ನುವುದು, ಮೂರನೆಯದು ಚಾಡಿ, ನಾಲ್ಕನೆಯದು ಜಗಳ. ಅಕ್ಷರ ಯಾವಾಗ ಎಂದು ನಾನು ಹೆದರುತ್ತಲೇ ಕೇಳಿದೆ. "ಜರಾ ತಡೀರಿ, ಮಕ್ಕಳು ತಾವ ಕೇಳತಾವ" ಎಂದರು. ತಿಂಗಳು ಕಳೆದ ಮೇಲೆ, ಚಾಡಿಯನ್ನು ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ, ಬರೆದೇ ಕೊಡಬೇಕು ಎಂದು ಕಟ್ಟಪ್ಪಣೆ ಮಾಡಿಬಿಟ್ಟರು. ಪಕ್ಕದವನ ಮೇಲೆ ದೂರು ಕೊಡುವ ಆತುರಕ್ಕೆ ಮಕ್ಕಳು ಕಾಗುಣಿತ ಕಲಿತ ವೇಗ ನೋಡಿ ನಮಗೇ ಗಾಬರಿಯಾಯಿತು.

ಪರೀಕ್ಷೆಯೂ ಅವರದೇ ರೀತಿ. ಎಲ್ಲರೆದುರು ಅಜ್ಜಿಗೆ ಫೋನ್ ಮಾಡಿ ಮಾತಾಡಬೇಕು. "ಅಜ್ಜಿ ನಕ್ಕರ ಪಾಸು. ತಿರುಗಿ ಚಾಡಿ ಹೇಳಿದರ ಫಸ್ಟ್ ಕ್ಲಾಸು. ಫೋನ್ ಅಪ್ಪನ ಕೈಯಾಗ ಕೊಡು ಅಂದ್ರ ಬಿಲ್ಕುಲ್ ಫೇಲು."

ಮೇಘಾಳ ಸರದಿ ಬಂದಾಗ ಮೈಸೂರಿನ ನಂಬರು ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಅವಳ ಕೈಗೆ ಕೊಟ್ಟೆ. ಅಮ್ಮ "ಹಲೋ" ಅಂದದ್ದೇ ತಡ, ಮಗಳು ಶುರು ಹಚ್ಚಿಕೊಂಡಳು.

"ಅಜ್ಜಿ, ನಿಮ್ಮ ಮಗ ಭಾಳ ಸುಳ್ಳು ಹೇಳತಾನ್ರಿ. ಐಸ್‌ಕ್ರೀಮ್ ಖಾಲಿ ಆಗೈತಿ ಅಂತಾನ, ಆಮ್ಯಾಲ ತಾನ ತಿಂತಾನ."

ಆ ಕಡೆ ಅಮ್ಮ ಬಿದ್ದು ಬಿದ್ದು ನಕ್ಕಳು. "ಚಿಕ್ಕೋನಾಗಿದ್ದಾಗಲೂ ಹಂಗೇ ಕಣೇ! ಕೋಡುಬಳೆ ಡಬ್ಬಿ ಖಾಲಿ ಮಾಡಿ ತಮ್ಮನ ಮೇಲೆ ಹಾಕ್ತಿದ್ದ." ಇಬ್ಬರೂ ಸೇರಿ ಅರ್ಧ ಗಂಟೆ ನನ್ನ ಮಾನ ಹರಾಜು ಹಾಕಿದರು. ಅಷ್ಟು ಸಂತೋಷದಿಂದ ಮಾನ ಕಳೆದುಕೊಂಡದ್ದು ನನಗೆ ಅದೇ ಮೊದಲು, ಕಣ್ಣು ತುಂಬಿಬಂದಿತ್ತು. ಬಾಯಿಯವರು ಬೋರ್ಡಿನ ಮೇಲೆ ಫಸ್ಟ್ ಕ್ಲಾಸ್ ಎಂದು ಬರೆದು, ನನ್ನ ಕಡೆ ತಿರುಗಿ, "ಅಳಾಕ ಏನಾಗೈತ್ರಿ? ಮೊದಲ ಐಸ್‌ಕ್ರೀಮ್ ತಂದು ಕೊಡ್ರಿ ಆಕಿಗೆ" ಎಂದು ಗದರಿಸಿದರು.

ತರಗತಿ ಎರಡು ವರ್ಷ ನಡೆಯಿತು. ಒಂದು ಮಳೆಗಾಲ ಜ್ವರವೆಂದು ಮಲಗಿದ ಬಾಯಿಯವರು ಮತ್ತೆ ಏಳಲಿಲ್ಲ. ಸಾವಿನ ಸುದ್ದಿ ಹೇಳುವ ಪಾಠ ಅವರ ಪಠ್ಯಕ್ರಮದಲ್ಲಿ ಇರಲಿಲ್ಲ. ಮೇಘಾಳಿಗೆ ನಾನೇ ತಡವರಿಸುತ್ತ ತಿಳಿಸಿದೆ. ಅವಳು ಅಳಲಿಲ್ಲ. ತಾನೇ ಮೈಸೂರಿಗೆ ಫೋನ್ ಹಚ್ಚಿದಳು.

"ಅಜ್ಜಿ, ನಮ್ಮ ಟೀಚರ್ ತೀರಿಕೊಂಡ್ರಂತ. ನನಗ ಭಾಳ ಸಿಟ್ಟು ಬಂದೈತಿ. ಯಾರ ಮ್ಯಾಲ ಅಂತ ಗೊತ್ತಾಗವಲ್ದು."