ಕಲ್ಲಿನ ಕೂಸುಗಳ ಮುಂದೆ

ಚರ್ಚಿನ ಬಾಗಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಹೋಗುವವರನ್ನು ನೀವು ಎಂದಾದರೂ ನೋಡಿದ್ದೀರಾ? ಹೋದ ತಿಂಗಳು ಇಂಗ್ಲೆಂಡಿನ ಒಂದು ಹಳ್ಳಿಯವರು ನೋಡಿದರು. ಹಾಗೆ ಹೋದವರು ನಾನು, ನನ್ನ ಹೆಂಡತಿ ಶಾರದೆ.

ಮೈಸೂರಿಗೆ ಹೋಗಿ ಡೆಟ್ರಾಯಿಟ್‌ಗೆ ವಾಪಸಾಗುವಾಗ ಲಂಡನ್ನಿನಲ್ಲಿ ಇಳಿದಿದ್ದೆವು. (ನಡುವೆ ಇಳಿಯಲು ಪುಕ್ಕಟೆ ಬಿಡುತ್ತಾರೆಂದರೆ ನಮ್ಮವರು ಇಳಿಯದೆ ಇರುತ್ತಾರೆಯೇ?) ಹತ್ತಿರದ ಹಳ್ಳಿಯಲ್ಲಿ ಏಳುನೂರು ವರ್ಷದ ಚರ್ಚಿದೆ, ದೊಡ್ಡ ಮನೆತನವೊಂದರ ಗೋರಿಗಳಿವೆ ಎಂದು ಯಾರೋ ಹೇಳಿದರು. ನೂರು ವರ್ಷದ ಕಟ್ಟಡ ಕಂಡರೆ ಫೋಟೊ ತೆಗೆಯುವ ಮಿಷಿಗನ್ನಿನವರು ನಾವು. ರೈಲು ಹತ್ತಿಯೇಬಿಟ್ಟೆವು.

ಕಲ್ಲಿನ ನೆಲ ಐಸಿನ ಹಾಗೆ ಕೊರೆಯುತ್ತಿತ್ತು. ಚರ್ಚು ನೋಡಿಕೊಳ್ಳುವ ಅಜ್ಜಿ ಗಾಬರಿಯಿಂದ ಬಂದು, ಶೂ ಕಳೆದುಹೋದವೇ ಎಂದು ಕೇಳಿದರು. ದೇವರ ಮನೆಯಲ್ಲವೇ, ಅದಕ್ಕೇ ಬಿಟ್ಟೆವು ಎಂದೆ. ಖುಷಿಯಾಯಿತೋ ಕನಿಕರವೋ, ಒಂದು ಜಮಖಾನ ತಂದು ಹಾಸಿದರು. ಎಂಥ ಮರ್ಯಾದೆ ನೋಡಿ!

ನೆಲದ ತುಂಬ ಹೆಸರು ಕೆತ್ತಿದ ಗೋರಿಗಲ್ಲುಗಳು. ಶಾರದೆ ಒಂದನ್ನೂ ತುಳಿಯದೆ ಕುಂಟಾಬಿಲ್ಲೆ ಆಡುವವಳಂತೆ ದಾಟಿದಳು. ಸತ್ತವರ ನಡುವೆ ಓಡಾಡಿ ಆಮೇಲೆ ಸ್ನಾನ ಎಲ್ಲಿ ಮಾಡುವುದು ಎಂಬ ಚಿಂತೆ ಬೇರೆ.

ಮುಂದೆ ಬಿಳಿಗಲ್ಲಿನಲ್ಲಿ ದೊರೆ, ಪಕ್ಕದಲ್ಲಿ ದೊರೆಸಾನಿ, ಇಬ್ಬರೂ ಕೈಮುಗಿದು ಮಲಗಿದ್ದಾರೆ. ತೋಳಿನ ಲೇಸನ್ನೂ ಬಿಡದೆ ಕೆತ್ತಿದ್ದಾನೆ, ಪುಣ್ಯಾತ್ಮ! ಬೇಲೂರು ನೋಡಿದ ಕಣ್ಣೂ ಭೇಷ್ ಅಂದಿತು. ನಾನು ಲೇಸು ನೋಡುತ್ತಿದ್ದರೆ ಶಾರದೆ ಕೆಳಗೆ ಬಗ್ಗಿದ್ದಳು. ಪೀಠದ ಬುಡದಲ್ಲಿ ಬಟ್ಟೆ ಸುತ್ತಿದ ಮೂರು ಕೂಸುಗಳು.

ಹುಟ್ಟಿದ ಕೂಡಲೇ ಹೋದ ಮಕ್ಕಳು, ಎಂದರು ಅಜ್ಜಿ. ತಾಯಿಯ ಜೊತೆಯಲ್ಲೇ ಇರಲಿ ಎಂದು ಕೆತ್ತಿಸಿದರಂತೆ.

ನಮ್ಮ ಕನ್ನಡ ಸಂಘದವರೇ, ನಿಮ್ಮಲ್ಲಿ ಕೆಲವರಿಗೆ ಗೊತ್ತು. ನಮಗೂ ಒಂದು ಹೆಣ್ಣು ಮಗುವಾಗಿತ್ತು, ಒಂದು ವಾರವೂ ಉಳಿಯಲಿಲ್ಲ. ಹಸುಗೂಸನ್ನು ನಮ್ಮಲ್ಲಿ ಸುಡುವುದಿಲ್ಲವಲ್ಲ, ನಾರ್ತ್‌ವಿಲ್‌ನ ನಮ್ಮ ಮನೆಯಿಂದ ಮೂರು ಮೈಲಿ ದೂರದ ಸೆಮೆಟ್ರಿಯಲ್ಲಿ ಮಣ್ಣು ಮಾಡಿದೆವು. ಹನ್ನೊಂದನೆಯ ದಿನದ ನಾಮಕರಣ ಆಗಿರಲಿಲ್ಲ. ಹೆಸರಿಲ್ಲದ ಕೂಸಿಗೆ ಕಲ್ಲು ಹಾಕಬಾರದು, ಮರೆತುಬಿಡಿ ಎಂದರು ಮೈಸೂರಿನ ನಮ್ಮ ಹಿರಿಯರು. ಅಲ್ಲಿ ಈಗ ಬರೀ ಹುಲ್ಲು. ಶಾರದೆ ಮಾತ್ರ ಒಂದು ಕಲ್ಲಿಗಾಗಿ ಕೇಳುತ್ತಲೇ ಇದ್ದಳು. ಈ ಸಲ ಮೈಸೂರಿನಲ್ಲಿ ನಮ್ಮಮ್ಮನನ್ನೂ ಕೇಳಿದಳು. ಅಮ್ಮ ಬೇಡವೆಂದರು.

ಆ ದೊರೆಸಾನಿಗೂ ಹಿರಿಯರು ಇರಲಿಲ್ಲವೇ? ಮರೆತುಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲವೇ? ಆದರೂ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟಿದ್ದಾರೆ. ಆ ಮನೆತನದ ಕತ್ತಿ, ಕಿರೀಟ ಎಲ್ಲ ಇರಲಿ, ನಾನು ಅವರಿಗೆ ಕೈಮುಗಿದದ್ದು ಇದಕ್ಕೆ.

ಮೈಲಿಗೆಯ ಮಾತೇ ಮರೆತು ಶಾರದೆ ನೆಲದ ಮೇಲೆ ಕೂತಳು. ಒಂದೊಂದೇ ಕೂಸಿನ ಕೆನ್ನೆ ಸವರಿದಳು.

"ನಮ್ಮದಕ್ಕೂ ಒಂದು ಕಲ್ಲು ಹಾಕ್ಸೋಣ ರೀ," ಎಂದಳು. "ಇನ್ನು ಯಾರನ್ನೂ ಕೇಳೋದು ಬೇಡ."

ಆಗಲಿ ಎಂದೆ. ಆದರೆ ಕಲ್ಲಿನ ಮೇಲೆ ಹೆಸರು ಬೇಕಲ್ಲ, ಮನೆಗೆ ಹೋಗಿ ನಿಧಾನವಾಗಿ ಯೋಚಿಸೋಣ ಎಂದೂ ಸೇರಿಸಿದೆ.

"ಯೋಚ್ನೆ ಮಾಡೋದೇನಿದೆ? ಸುಮ. ಹುಟ್ಟಿದ ದಿನದಿಂದ ಹಾಗೇ ಕರೀತಿದೀನಿ."

ಹೆಸರಿಡಲು ಶಾಸ್ತ್ರಕ್ಕೆ ಹನ್ನೊಂದು ದಿನ ಬೇಕು. ತಾಯಿಗೆ?