ತಿಳಿಯಾದ ಕೊಳದ ಮೆಟ್ಟಿಲಲ್ಲಿ

ಮೆಟ್ಟಿಲವರೆಗೆ ಬಂದ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ, ಚಪ್ಪಲಿ ಬಿಟ್ಟು ಅಲ್ಲೇ ನಿಂತರು. ಜಗಳೂರಿನಿಂದ ಅವರು ಬರುತ್ತಾರೆಂದೇ ಹೊನ್ನಾಳಿಯ ನಮ್ಮ ಹಿತ್ತಲ ಈಜುಕೊಳಕ್ಕೆ ಕ್ಲೋರಿನ್ ಸುರಿದು, ಪಾಚಿ ತಿಕ್ಕಿಸಿದ್ದೆ. ಹಸಿರು ಹೋಯಿತೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎದ್ದು ಹೋಗಿ ನೋಡಿದ್ದೇ ನೋಡಿದ್ದು. ಈಗ ತಳದ ಟೈಲ್ಸ್ ಕಾಣುತ್ತಿತ್ತು.

“ಕಾಲು ಇಳಿಬಿಟ್ಟು ಕೂತ್ಕೊಳ್ರಿ ಬೀಗ್ರೆ,” ಎಂದೆ.

“ಹೋದ ಸಲ ಹಸುರಿತ್ತು, ಕಾಲು ತೊಳೆದೆ. ಈಗ ಕುಡಿಯೋ ನೀರಿನಂಗೈತೆ. ನಮ್ಮ ಕಡೆ ಇಂಥದ್ದು ಟ್ಯಾಂಕರ್‌ನಾಗೆ ಬರ್ತೈತ್ರೀ. ಇದ್ರಾಗ ಹೆಂಗೆ ಕಾಲಿಡಾದು?” ಎಂದು ಕೊಳಕ್ಕೆ ಕೈಮುಗಿದರು.

ಅವರು ಊರಿಗೆ ಹೋದರು. ಕೊಳ ತಿಳಿಯಾಗಿಯೇ ಇದೆ. ದಿನಾ ಮೆಟ್ಟಿಲವರೆಗೆ ಹೋಗುತ್ತೇನೆ. ಇಳಿಯಲು ಮನಸ್ಸಾಗದೆ, ಬಿಟ್ಟು ಬರಲೂ ಆಗದೆ, ಬರಿಗಾಲಲ್ಲಿ ಅದರ ಸುತ್ತ ಅಡ್ಡಾಡುತ್ತೇನೆ.